ಬಿದ್ದರೂ ಬಿಳುಪು

ಶಿವಲೀಲಾ ಆ ಬಣ್ಣವನ್ನು ಕಂಡುಹಿಡಿದದ್ದು ಮಾತು ನಿಂತುಹೋದ ರೋಗಿಗಳಿಗಾಗಿ. ಪಾರ್ಶ್ವವಾಯು ಹೊಡೆದು ನಾಲಿಗೆ ಬಿದ್ದವರು, ಇನ್ನೂ ಮಾತು ಬಾರದ ಎಳೆಗೂಸುಗಳು. ಇಂಥವರಿಗೆ ನೋವೋ ಭಯವೋ ಆದಾಗ ಮೈಮೇಲಿನ ಬಟ್ಟೆ ನೋಡಿಯೇ ನರ್ಸಿಗೆ ತಿಳಿಯುವ ಹಾಗಿದ್ದರೆ? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಅವಳು ದಾವಣಗೆರೆ ಹೊರವಲಯದ ಒಂದು ಜವಳಿ ಸಂಶೋಧನಾ ಕೇಂದ್ರದಲ್ಲಿ ಏಳು ವರ್ಷ ದುಡಿದಿದ್ದಳು.

ನೂಲಿಗೆ ಲೇಪಿಸಿದ ಆ ಅಣು ಮೊದಲಿಗೆ ಬೆಳ್ಳಗಿರುತ್ತಿತ್ತು. ಮನುಷ್ಯನಿಗೆ ಭಯವಾದಾಗ ರಕ್ತದಲ್ಲಿ ಉಕ್ಕುವ ಹಾರ್ಮೋನು ಬೆವರಿನಲ್ಲೂ ಒಂದಿಷ್ಟು ಹೊರಬರುತ್ತದೆ. ಕಣ್ಣಿಗೆ ಕಾಣದಷ್ಟು ಬೆವರಾದರೂ ಸಾಕು, ಅಣು ಆ ಹಾರ್ಮೋನನ್ನು ಹಿಡಿದುಕೊಂಡು ತನ್ನ ಆಕಾರ ಬದಲಿಸುತ್ತಿತ್ತು. ಬಟ್ಟೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಗಂಟೆಯೊಳಗೆ ಮತ್ತೆ ಬಿಳಿ. ಬರೀ ಬಿಸಿಲಿನ ಬೆವರಿಗೆ ಏನೂ ಆಗುತ್ತಿರಲಿಲ್ಲ.

ಆಸ್ಪತ್ರೆಗಳು ಆಸಕ್ತಿ ತೋರಿಸಲಿಲ್ಲ. ಆಸಕ್ತಿ ತೋರಿಸಿ ಬಂದವನು ಬೆಂಗಳೂರಿನ ಸಿನಿಮಾ ಕಂಪನಿಯೊಂದರ ಪ್ರಚಾರ ನೋಡಿಕೊಳ್ಳುತ್ತಿದ್ದ ಕೌಶಿಕ್ ಬೆಳವಾಡಿ. ಮೂವತ್ತರ ಆಸುಪಾಸಿನ, ಕೂತಲ್ಲಿ ಕೂರದ ಮನುಷ್ಯ.

"ಮೂರು ಭಾಗದ ಸಿನಿಮಾ ಮೇಡಂ. ಹೆಸರು 'ಮೇಲ್ಪಟ್ಟಣ'. ಮುಂದೊಂದು ಕಾಲದ ಕಥೆ. ಮೇಲಿನ ಊರಿನೋರು ಆಳ್ತಾರೆ, ಕೆಳಗಿನ ಊರಿನೋರು ದುಡೀತಾರೆ. ಕೆಳಗಿನೋರೆಲ್ಲ ಕಡ್ಡಾಯವಾಗಿ ಒಂದು ಬಿಳೀ ಬಟ್ಟೆ ಹಾಕ್ಕೋಬೇಕು. ಒಳಗೆ ಹೆದರಿಕೆ ಇದ್ರೆ ಅದು ಬಣ್ಣ ತಿರುಗುತ್ತೆ. ತಿರುಗಿದೋರನ್ನ ಎಳ್ಕೊಂಡು ಹೋಗ್ತಾರೆ."

"ಹಂಗೆ ಎಳ್ಕೊಂಡ್ ಹೋದ್ರೆ ಎಲ್ರೂ ಹೆದರ್ತಾರಲ್ರೀ," ಎಂದಳು ಶಿವಲೀಲಾ.

"ಅದೇ ಮೇಡಂ ಕಥೆ!"

ಅವನ ಯೋಜನೆ ಹೀಗಿತ್ತು. ಸಿನಿಮಾಕ್ಕೆ ಪೋಸ್ಟರ್ ಇಲ್ಲ, ಟ್ರೇಲರ್ ಇಲ್ಲ. ಬಿಡುಗಡೆಗೆ ಆರು ತಿಂಗಳು ಮೊದಲೇ ಅಂತರ್ಜಾಲದಲ್ಲಿ 'ಧವಳ' ಅನ್ನುವ ಒಂದು ಫ್ಯಾಷನ್ ತಾಣ ಕಾಣಿಸಿಕೊಳ್ಳುತ್ತದೆ. ಅದು ಮೇಲ್ಪಟ್ಟಣದಲ್ಲೇ, ಅಲ್ಲಿನ ಆಳುವವರೇ ನಡೆಸುವ ಪತ್ರಿಕೆಯ ಹಾಗಿರುತ್ತದೆ. ಈ ವಾರದ ಉಡುಪು, ಕೆಳಗಿನೂರಿನ ಮಾದರಿ ನಾಗರಿಕರ ಚಿತ್ರ, ಬಿಳುಪು ಕಾಪಾಡಿಕೊಳ್ಳುವ ಸಲಹೆ, ಎಲ್ಲವೂ ಅದರಲ್ಲಿ. ಸಿನಿಮಾ ಅನ್ನುವ ಪದ ಎಲ್ಲೂ ಬರುವುದಿಲ್ಲ. ಓದಿದವರಿಗೆ ಮೊದಲು ಚೆಂದ ಅನ್ನಿಸಿ ಆಮೇಲೆ ಮೈ ಜುಂ ಅನ್ನಬೇಕು. ಅದಕ್ಕೆ ಸುಳ್ಳು ಬಟ್ಟೆ ಸಾಲದು, ನಿಜವಾಗಿ ಬಣ್ಣ ತಿರುಗುವ ಇನ್ನೂರು ಕುರ್ತಾ ಬೇಕು.

ಅವರು ಕೊಡುವ ಹಣದಲ್ಲಿ ಆಸ್ಪತ್ರೆಯ ಪ್ರಯೋಗ ಮುಂದುವರಿಸಬಹುದೆಂದು ಶಿವಲೀಲಾ ಒಪ್ಪಿಕೊಂಡಳು.

ಧವಳ ತೆರೆದುಕೊಂಡ ಸಂಜೆ ಮನೆಯಲ್ಲಿ ಮೂವರೂ ಒಂದೇ ಫೋನಿಗೆ ಮುಖ ಹಾಕಿಕೊಂಡು ಕೂತರು. ಮೂವರೆಂದರೆ ಶಿವಲೀಲಾ, ಒಂಬತ್ತನೇ ತರಗತಿಯ ಮಗಳು ಇಂಚರ, ಅತ್ತೆ ಹಾಲಮ್ಮ. ಶಿವಲೀಲಾಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಇವರು ಮೂರೇ ಜನ.

ತೆರೆಯ ಮೇಲೆ ಹಾಲುಗಲ್ಲಿನ ಮೆಟ್ಟಿಲು. ಅದರ ಮೇಲೆ ಕುರ್ತಾ ತೊಟ್ಟ ಹುಡುಗಿಯರು. ಕೆಳಗೆ ಒಂದು ಸಾಲು: 'ಮುಚ್ಚಿಡುವುದು ಹಳೆಯ ಫ್ಯಾಷನ್. ನಿಮ್ಮ ಬಿಳುಪೇ ನಿಮ್ಮ ಆಭರಣ.'

"ಇದ್ಯಾವೂರವ್ವಾ? ನಾ ಕೇಳೇ ಇಲ್ಲ," ಎಂದರು ಹಾಲಮ್ಮ.

"ಇಲ್ಲದ ಊರಜ್ಜಿ ಅದು. ಸುಮ್ನೆ ಕಟ್ಟಿದ್ದು," ಎಂದು ನಕ್ಕಳು ಇಂಚರ. "ಅಮ್ಮಾ, ನಂಗೊಂದು ಬೇಕು."

"ಇಲ್ಲದ ಊರಿನ ಬಟ್ಟೆ ಇರೋ ಮೈಮೇಲೆ ಯಾಕೆ?" ಎಂದರು ಮುದುಕಿ. ಮೂವರೂ ನಕ್ಕರು.

ಇನ್ನೂರು ಕುರ್ತಾ ಒಂದೇ ದಿನದಲ್ಲಿ ಮುಗಿದವು. ಕೌಶಿಕ್ ಎರಡು ಸಾವಿರ ಕೇಳಿದ, ಆಮೇಲೆ ಊರಿನದೇ ಒಂದು ಬಟ್ಟೆ ಮಿಲ್ಲು ಹಿಡಿದ. ಮೊದಲ ಭಾಗ ಬಿಡುಗಡೆಯಾಯಿತು. ಆಳುವವರ ಕ್ರೌರ್ಯ ನೋಡಿ ಜನ ಕಣ್ಣೊರೆಸಿಕೊಂಡು ಚಿತ್ರಮಂದಿರದಿಂದ ಹೊರಬರುತ್ತಾರೆ ಎಂದು ಶಿವಲೀಲಾ ಎಣಿಸಿದ್ದಳು. ಒರೆಸಿಕೊಂಡರು ನಿಜ. ಹೊರಬಂದವರೇ ಬಾಗಿಲ ಪಕ್ಕದ ಮಳಿಗೆಯಲ್ಲಿ ಅದೇ ಬಟ್ಟೆಗೆ ಸಾಲು ನಿಂತರು.

ವರ್ಷ ತುಂಬುವ ಹೊತ್ತಿಗೆ ಊರು ಗುರುತು ಸಿಗದ ಹಾಗಾಯಿತು. ಕೆಲಸದ ಸಂದರ್ಶನಕ್ಕೆ ಬರುವವರು ಧವಳದ ಅಂಗಿಯಲ್ಲೇ ಬರಬೇಕೆಂದು ಅಂಗಡಿಯವರು ಬೋರ್ಡು ಹಾಕಿದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಗಂಡಿನ ಕಡೆಯವರು ಬರುವಾಗಲೇ ಸೀರೆಯ ಜೊತೆ ಧವಳದ ರವಿಕೆ ತಂದರು. ಪಿ.ಜೆ. ಬಡಾವಣೆಯ ಒಂದು ಮನೆಯಲ್ಲಿ ಹುಡುಗಿಗಿಂತ ಮೊದಲು ಹುಡುಗನ ಅಂಗಿಯೇ ನೇರಳೆಯಾಗಿ ಸಂಬಂಧ ಮುರಿಯಿತಂತೆ. ಅದನ್ನು ಕೇಳಿ ಊರೆಲ್ಲ ನಕ್ಕಿತು. ಇಂಚರಳ ಶಾಲೆ ಧವಳದ ಮೇಲಂಗಿಯನ್ನೇ ಸಮವಸ್ತ್ರ ಮಾಡಿತು. ಕಿಟಕಿ ಗಾಜು ಒಡೆದದ್ದು ಯಾರೆಂದು ಮೇಷ್ಟ್ರು ಈಗ ಕೇಳುತ್ತಿರಲಿಲ್ಲ. ತರಗತಿಯ ನಡುವೆ ನಿಂತು ಒಡೆದ ಗಾಜಿನ ಚೂರು ತೋರಿಸಿ ಎಲ್ಲರ ಕಾಲರು ನೋಡುತ್ತಿದ್ದರು. ಒಡೆದವರ ಕಾಲರಿಗಿಂತ ಮೊದಲು ಪುಕ್ಕಲು ಮಕ್ಕಳ ಕಾಲರು ಬಣ್ಣ ತಿರುಗುತ್ತಿತ್ತು, ಏಟು ಅವರಿಗೇ ಬೀಳುತ್ತಿತ್ತು.

ಇದನ್ನು ಮಗಳ ಬಾಯಿಂದ ಕೇಳಿದ ದಿನ ಶಿವಲೀಲಾ ನೇರ ಮಿಲ್ಲಿಗೆ ಹೋದಳು. ಮೇಲಂತಸ್ತನ್ನು ಕೌಶಿಕ್ ತನ್ನ ನಿಯಂತ್ರಣ ಕೊಠಡಿ ಮಾಡಿಕೊಂಡಿದ್ದ. ಗೋಡೆಯುದ್ದ ಪರದೆ, ಪರದೆಯಲ್ಲಿ ರಾಜ್ಯದ ನಕ್ಷೆ. ದಿನಾ ಬೆಳಿಗ್ಗೆ ತಮ್ಮ ಬಿಳುಪಿನ ಚಿತ್ರ ತೆಗೆದು ಧವಳಕ್ಕೆ ಕಳಿಸುವವರೆಲ್ಲ ಅದರ ಮೇಲೆ ಬಿಳಿ ಚುಕ್ಕೆಗಳಾಗಿ ಮಿನುಗುತ್ತಿದ್ದರು. ಕಳಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಇದು ಅಣಕ ಅಂತ ಒಂದ್ ಸಾಲು ಹಾಕ್ರಿ ಅದರಾಗೆ," ಎಂದಳು.

"ಹಾಕಿದ್ರೆ ಅಣಕ ಸತ್ತೋಗುತ್ತೆ ಮೇಡಂ. ಮೂರನೇ ಭಾಗದಲ್ಲಿ ಕೆಳಗಿನೂರಿನೋರು ಎಲ್ಲ ಬಟ್ಟೆ ಕಿತ್ತು ಬೆಂಕಿಗೆ ಹಾಕ್ತಾರೆ. ಆವಾಗ ಜನಕ್ಕೆ ತಾನೇ ತಿಳಿಯುತ್ತೆ."

"ಅಲ್ಲೀತನಕ?"

ಅವನು ಚುಕ್ಕೆಗಳನ್ನು ನೋಡುತ್ತ, "ಇಷ್ಟು ಆಗುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲ," ಎಂದ. ಅವನ ದನಿಯಲ್ಲಿ ಗಾಬರಿಯಿತ್ತು, ಹೆಮ್ಮೆಯೂ ಇತ್ತು.

ಮರುವಾರ ಒಂದು ಸಂಜೆ ಶಿವಲೀಲಾ ಕೆಲಸ ಮುಗಿಸಿ ಮನೆಗೆ ಬಂದಳು. ಇಂಚರ ಶಾಲೆಯ ಮೇಲಂಗಿ ಇನ್ನೂ ಬಿಚ್ಚದೆ ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತ ಏನೋ ಹೇಳಿ ನಗುತ್ತಿದ್ದಳು. ಅಂಗಿ ಹಾಲಿನಷ್ಟು ಬೆಳ್ಳಗಿತ್ತು.

"ಫಿಸಿಕ್ಸ್ ಪೇಪರ್ ಕೊಟ್ರಾ?" ಎಂದಳು ಶಿವಲೀಲಾ, ಚಪ್ಪಲಿ ಬಿಡುತ್ತ.

ನಗು ನಿಂತಿತು. ಕತ್ತಿನ ಸುತ್ತ ಒಂದು ಕಲೆ ಎದ್ದಿತು. ನೋಡನೋಡುತ್ತಿದ್ದಂತೆ ಅದು ಭುಜಕ್ಕೆ, ಎದೆಗೆ, ತೋಳಿಗೆ ಇಳಿಯಿತು. ಅರ್ಧ ನಿಮಿಷದಲ್ಲಿ ಮಗಳು ಗಾಢ ನೇರಳೆಯಲ್ಲಿ ಕೂತಿದ್ದಳು.

ಬಿಚ್ಚಿದ ಚಪ್ಪಲಿ ಶಿವಲೀಲಾಳ ಕೈಯಲ್ಲೇ ಉಳಿಯಿತು. ಪ್ರಯೋಗಾಲಯದಲ್ಲಿ ಅಷ್ಟು ಗಾಢ ಬಣ್ಣವನ್ನು ಅವಳು ಒಂದೇ ಒಂದು ಸಲ ಕಂಡಿದ್ದಳು, ಶಸ್ತ್ರಚಿಕಿತ್ಸೆಗೆ ಹೊರಟಿದ್ದ ಒಬ್ಬ ರೋಗಿಯ ಮೇಲೆ.

"ನಾನೇನು ಅಂದೆ? ಕೊಟ್ರಾ ಅಂತ ಕೇಳ್ದೆ ಅಷ್ಟೆ."

ಇಂಚರ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ಎದ್ದು ಒಳಗೋಡಿ ಬಾಗಿಲು ಹಾಕಿಕೊಂಡಳು. ಹಾಲಮ್ಮ ಸೊಸೆಯ ಮುಖ ನೋಡಲಿಲ್ಲ. "ನೀ ಬರೋ ಹೊತ್ತಿಗೆ ದಿನಾ ಹಿಂಗೇ ಐತವ್ವಾ," ಎಂದರು ಮೆಲ್ಲಗೆ. "ಬಟ್ಟೆ ಬರೋಕ್ ಮುಂಚೇನೂ ಇತ್ತು. ಈಗ ಕಾಣ್ತತಿ ಅಷ್ಟೆ."

ಗಂಡ ಹೋದ ಮೇಲೆ ಮಗಳನ್ನು ದಡ ಮುಟ್ಟಿಸಬೇಕೆಂದು ಶಿವಲೀಲಾ ಬಿಗಿ ಹಿಡಿದಿದ್ದಳು. ಅಂಕ ಕಡಿಮೆಯಾದರೆ ಬೈದಿದ್ದಳು, ಎರಡು ಸಲ ಕೈಯನ್ನೂ ಎತ್ತಿದ್ದಳು. ಎಲ್ಲ ತಾಯಂದಿರೂ ಇಷ್ಟು ಮಾಡುತ್ತಾರೆ ಎಂದುಕೊಂಡಿದ್ದಳು. ಬಾಗಿಲ ಮುಂದೆ ಬಹಳ ಹೊತ್ತು ನಿಂತರೂ ಅದನ್ನು ತಟ್ಟಲು ಅವಳಿಗೆ ಧೈರ್ಯ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ದನಿ ತಗ್ಗಿಸಿ ಮಾತಾಡಿದಳು, ಅಂಕದ ಸುದ್ದಿ ಎತ್ತಲಿಲ್ಲ. ಎರಡು ವಾರದಲ್ಲಿ ಮಗಳ ಅಂಗಿ ಅವಳೆದುರಿಗೂ ಬೆಳ್ಳಗೇ ಉಳಿಯತೊಡಗಿತು. ತಿಂಗಳಾದರೂ ಒಂದು ಕಲೆ ಇಲ್ಲ. ಭಯ ಬಿಟ್ಟಿತು ಎಂದು ಶಿವಲೀಲಾ ಒಳಗೊಳಗೇ ಖುಷಿಪಟ್ಟಳು. ನಲವತ್ತು ದಿನ ಕಲೆಯಿಲ್ಲದೆ ಕಳೆದದ್ದಕ್ಕೆ ಧವಳವು ಇಂಚರಳನ್ನು 'ವಾರದ ನಾಗರಿಕಳು' ಎಂದು ಸಾರಿದಾಗ ಆ ಚಿತ್ರವನ್ನು ಶಿವಲೀಲಾಳೇ ನೆಂಟರಿಗೆ ಕಳಿಸಿದಳು.

ಏಪ್ರಿಲ್ ಎರಡನೇ ವಾರ. ಎರಡನೇ ಭಾಗದ ಬಿಡುಗಡೆಗೆ ಮುನ್ನ ಧವಳದವರು ಶಾಲೆಯ ಮೈದಾನದಲ್ಲಿ 'ಬಿಳುಪಿನ ಮೆರವಣಿಗೆ' ಇಟ್ಟುಕೊಂಡರು. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದದ್ದು ಹನ್ನೆರಡೂವರೆಯಾದರೂ ಮುಗಿದಿರಲಿಲ್ಲ. ನಲವತ್ತೆರಡು ಡಿಗ್ರಿ ಬಿಸಿಲು. ಮುನ್ನೂರು ಮಕ್ಕಳು ಸಾಲಾಗಿ ನಿಂತಿದ್ದರು, ಇಂಚರ ಎಲ್ಲರಿಗಿಂತ ಮುಂದೆ, ವೇದಿಕೆಯ ಮೇಲೆ. ಶಾಮಿಯಾನದ ನೆರಳಿನಲ್ಲಿ ಕೂತಿದ್ದ ಶಿವಲೀಲಾಳ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಮಗಳ ಮುಖ ಮಾತ್ರ ಕೆಂಡದಂತೆ ಕೆಂಪಾಗಿದ್ದರೂ ಒಣಗಿತ್ತು. ಒಂದು ಹನಿ ಬೆವರಿಲ್ಲ.

ಇದೇಕೆ ಹೀಗೆ ಎಂದು ಅವಳು ಎದ್ದು ನಿಲ್ಲುವುದಕ್ಕೂ ಇಂಚರ ಬೀಳುವುದಕ್ಕೂ ಸರಿಹೋಯಿತು. ಕೈ ಊರಲಿಲ್ಲ, ಮಂಡಿ ಬಾಗಲಿಲ್ಲ. ನಿಂತ ಹಾಗೆಯೇ ಮುಖ ಅಡಿಯಾಗಿ ಬಿದ್ದಳು. ತುಟಿಯ ರಕ್ತ ಹಲಗೆಯ ಮೇಲೆ ಹರಿಯಿತು. ಮೈಮೇಲಿನ ಬಟ್ಟೆ ಬೆಳ್ಳಗೇ ಇತ್ತು.

ಜನ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮದ್ದೇ ಭಾಗ ಎಂದುಕೊಂಡಿದ್ದರು.

ಆಸ್ಪತ್ರೆಯಲ್ಲಿ ಇಂಚರಳನ್ನು ಮಂಜುಗಡ್ಡೆಯ ಚೀಲಗಳ ನಡುವೆ ಮಲಗಿಸಿದರು. ಜ್ವರಮಾಪಕ ನೂರಾ ಆರು ದಾಟಿತ್ತು. ಅರ್ಧ ಗಂಟೆಯ ಮೇಲೆ ವೈದ್ಯೆ ಹೊರಬಂದು, "ಇವಳು ಮೈಗೆ ಏನು ಹಚ್ಕೋತಿದ್ಲು?" ಎಂದು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ."

"ಇದೆ. ತಲೆಯಿಂದ ಕಾಲ್ತನಕ ಪಟಿಕ ಉಜ್ಜಿದಾಳೆ. ಕ್ಷೌರದಂಗಡೀಲಿ ಗಾಯಕ್ಕೆ ತಿಕ್ತಾರಲ್ಲ, ಅದು. ಅದರ ಮೇಲೆ ಬೆವರು ನಿಲ್ಸೋ ಲೋಶನ್. ತಿಂಗಳುಗಟ್ಟಲೆ ಹಚ್ಚಿದಾಳೆ, ಬೆವರಿನ ರಂಧ್ರ ಎಲ್ಲಾ ಮುಚ್ಚೋಗಿದೆ. ಒಳಗಿನ ಶಾಖ ಹೊರಗೆ ಹೋಗೋಕೆ ದಾರೀನೇ ಇಲ್ಲ." ವೈದ್ಯೆ ಕೈಗವಸು ಕಳಚಿದರು. "ಈ ವಾರ ಇದು ಐದನೇ ಮಗು. ಮೊದಲನೇದು ಉಳೀಲಿಲ್ಲ."

ಬೆವರಿಲ್ಲದಿದ್ದರೆ ಬಣ್ಣವಿಲ್ಲ. ಇದು ಶಿವಲೀಲಾಳಿಗಲ್ಲದೆ ಇನ್ಯಾರಿಗೆ ಮೊದಲು ಹೊಳೆಯಬೇಕಿತ್ತು? ಮಗಳ ಭಯ ಎಲ್ಲೂ ಹೋಗಿರಲಿಲ್ಲ. ಮಗಳು ಅದನ್ನು ಚರ್ಮದೊಳಗೇ ಇಟ್ಟು ಮೊಹರು ಹಾಕಿಕೊಂಡಿದ್ದಳು.

ಇಂಚರಳ ಫೋನಿನಲ್ಲಿ ಪಟಿಕದ ಮೂಲ ಸಿಕ್ಕಿತು. ಧವಳದ 'ಓದುಗರ ಸಲಹೆ' ಪುಟದಲ್ಲಿ ಎರಡು ತಿಂಗಳ ಹಿಂದೆ ಯಾರೋ ಬರೆದಿದ್ದರು. ಅದಕ್ಕೆ ಧವಳದ ಉತ್ತರವೂ ಇತ್ತು: 'ಜಾಣ ನಾಗರಿಕರು. ಮೇಲ್ಪಟ್ಟಣ ನಿಮ್ಮನ್ನು ಮೆಚ್ಚಿದೆ.'

ಅವಳು ಅದನ್ನು ಓದುತ್ತಿರುವಾಗಲೇ ಪುಟದ ಮೇಲ್ತುದಿಯಲ್ಲಿ ಹೊಸ ಚಿತ್ರವೊಂದು ತೆರೆದುಕೊಂಡಿತು. ಹಲಗೆಯ ಮೇಲೆ ಮುಖ ಅಡಿಯಾಗಿ ಬಿದ್ದ ಇಂಚರ. ರಕ್ತ ಕಾಣದಂತೆ ಅಂಚು ಕತ್ತರಿಸಿದ್ದರು. ಕೆಳಗೆ ದಪ್ಪಕ್ಷರ: 'ಬಿದ್ದರೂ ಬಿಳುಪು.'

ಅತ್ತೆಯನ್ನು ಮಗಳ ಬಳಿ ಕೂರಿಸಿ ಶಿವಲೀಲಾ ಆಟೋ ಹಿಡಿದು ಮಿಲ್ಲಿಗೆ ಹೋದಳು. ಮೆಟ್ಟಿಲು ಹತ್ತಿದ್ದು ಅವಳಿಗೆ ನೆನಪಿಲ್ಲ. ಕೌಶಿಕ್ ಪರದೆಯ ಮುಂದೆ ನಿಂತಿದ್ದ, ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಯಾರು ಬರೆದದ್ದು ಅದು?"

"ಯಾರೂ ಅಲ್ಲ ಮೇಡಂ. ಮೊದಲ ಆರು ತಿಂಗಳು ನಾನೇ ಬರೀತಿದ್ದೆ. ಆಮೇಲೆ ಕೈ ಸಾಲ್ಲಿಲ್ಲ. ನಾನು ಬರೆದದ್ದನ್ನೆಲ್ಲ ಯಂತ್ರಕ್ಕೆ ಓದಿಸಿ, ಮೇಲ್ಪಟ್ಟಣದ ಆಳುವೋರ ಥರ ಬರಿ ಅಂತ ಬಿಟ್ಟೆ. ಅದು ಹಾಗೇ ಬರೀತು. ಸುಳ್ಳೇನೂ ಸೇರಿಸಿಲ್ಲ. ಅವರು ಇದ್ದಿದ್ರೆ ಹೀಗೇ ಬರೀತಿದ್ರು."

"ತೆಗೀರಿ."

"ತೆಗೆದೆ. ಹತ್ತು ನಿಮಿಷ ಆಯ್ತು. ಪೂರ್ತಿ ತಾಣಾನೇ ಮುಚ್ಚಿದೀನಿ. ನೋಡಿ ಇಲ್ಲಿ."

ಅವನು ಪರದೆಯ ಕಡೆ ಕೈ ತೋರಿಸಿದ. ಅಲ್ಲಿ ನಕ್ಷೆ ಇರಲಿಲ್ಲ. ಜನ ತಂತಮ್ಮ ಪುಟಗಳಲ್ಲಿ ಹಾಕಿಕೊಳ್ಳುತ್ತಿದ್ದ ಚಿತ್ರಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಮೊದಲು ಇಂಚರಳದೇ ಚಿತ್ರ, ನೂರು ಕಡೆ. ಆಮೇಲೆ ಬೇರೆ ಮಕ್ಕಳು. ನಡುಮನೆಯ ನೆಲದ ಮೇಲೆ, ತಾರಸಿಯ ಮೇಲೆ, ಅಂಗಡಿಯ ಮುಂದೆ ಬಿಳಿ ಅಂಗಿ ತೊಟ್ಟು ಮುಖ ಅಡಿಯಾಗಿ ಬಿದ್ದಂತೆ ಮಲಗಿದ್ದ ಮಕ್ಕಳು. ನಾಲ್ಕು ವರ್ಷದ್ದೊಂದು ಮಗು ನಗು ತಡೆಯಲಾರದೆ ಒಂದು ಕಣ್ಣು ತೆರೆದಿತ್ತು. ಚಿತ್ರ ತೆಗೆದವರು ಅವರವರ ತಂದೆತಾಯಿಗಳೇ. ಪ್ರತಿಯೊಂದರ ಕೆಳಗೂ ಅದೇ ಎರಡು ಪದ.

ಶಿವಲೀಲಾ ಬೈಯಲು ಬಂದಿದ್ದಳು, ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಕೌಶಿಕ್ ಕುರ್ಚಿಗೆ ಕುಸಿದು, "ನಾನು ಬರೆದದ್ದು ಹೆದರಿಸೋಕೆ ಮೇಡಂ. ಯಾರೂ ಹೆದರಲೇ ಇಲ್ಲ," ಎನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕೂತು ಅವಳು ಧವಳದ ಒಂದು ಕುರ್ತಾವನ್ನು ಸೀರೆಯ ಮೇಲೆಯೇ ತೊಟ್ಟುಕೊಂಡಳು. ಆ ಬಟ್ಟೆಯನ್ನು ಅವಳು ಮೈಗೆ ಹಾಕಿಕೊಂಡದ್ದು ಅದೇ ಮೊದಲು. ಫೋನನ್ನು ಹಾಲಮ್ಮನ ಕೈಗೆ ಕೊಟ್ಟಳು.

"ಹಿಂಗ್ ಹಿಡ್ಕೊಂಡ್ರೆ ಸಾಕೇನವ್ವಾ?"

"ಸಾಕತ್ತೆ. ಅಲ್ಲಾಡಿಸ್ಬೇಡಿ."

ಅವಳು ಮಾತಾಡಿದ್ದು ನಾಲ್ಕೇ ನಿಮಿಷ. "ನನ್ನ ಹೆಸರು ಶಿವಲೀಲಾ. ಈ ಬಟ್ಟೆಯ ಬಣ್ಣ ಮಾಡಿದವಳು ನಾನು. ನಿನ್ನೆ ಬಿದ್ದ ಹುಡುಗಿ ನನ್ನ ಮಗಳು," ಎಂದು ಶುರು ಮಾಡಿದಳು. ಆಗಲೇ ಕೊರಳಿನಲ್ಲಿ ನೇರಳೆ ಎದ್ದಿತ್ತು. ಬಟ್ಟೆ ಹೇಗೆ ಕೆಲಸ ಮಾಡುತ್ತದೆ, ಅದು ಸುಳ್ಳು ಹೇಳುವವರನ್ನೂ ಹೆದರಿದವರನ್ನೂ ಹೇಗೆ ಒಂದೇ ಬಣ್ಣದಲ್ಲಿ ತೋರಿಸುತ್ತದೆ, ಪಟಿಕ ಉಜ್ಜಿ ಬೆವರು ಕಟ್ಟಿದರೆ ಮಗುವಿನ ಮೈ ಒಳಗಿಂದ ಹೇಗೆ ಬೇಯುತ್ತದೆ ಎಂದು ಹೇಳಿದಳು. "ನನ್ನ ಮಗಳು ಯಾರಿಗೆ ಹೆದರ್ತಿದ್ಲು ಅಂತ ಕೇಳಿದ್ರೆ, ನಂಗೆ. ಅದು ಗೊತ್ತಾದ ಮೇಲೂ ನಾನು ಅವಳನ್ನ ಕೂರಿಸಿಕೊಂಡು ಮಾತಾಡಿಸ್ಲಿಲ್ಲ. ಬಟ್ಟೆ ಬಿಳಿ ಆಯ್ತಲ್ಲ ಅಂತ ಸುಮ್ನಾದೆ. ನಿಮ್ಮ ಮಕ್ಕಳ ಬಚ್ಚಲು ಮನೆ ನೋಡಿ. ಈಗ್ಲೇ ಹೋಗಿ ನೋಡಿ." ಮುಗಿಸುವಾಗ ಕುರ್ತಾದಲ್ಲಿ ಬೆರಳಗಲ ಬಿಳಿಯೂ ಉಳಿದಿರಲಿಲ್ಲ. ಹಾಲಮ್ಮನ ಕೈಯಿಂದ ಫೋನು ತೆಗೆದುಕೊಂಡು ಆ ವಿಡಿಯೋವನ್ನು ತನ್ನ ಪುಟದಲ್ಲಿ ಹಾಕಿದಳು.

ಮೊದಲು ಬಂದ ಪ್ರತಿಕ್ರಿಯೆ: 'ನಟನೆ ಸೂಪರ್. ಎರಡನೇ ಭಾಗಕ್ಕೆ ಕಾಯ್ತಿದ್ದೀವಿ.' ಅದರ ಹಿಂದೆಯೇ ಅಂಥವೇ ಮೂವತ್ತು ನಲವತ್ತು. ಶಿವಲೀಲಾ ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿದಳು.

ಮಧ್ಯಾಹ್ನ ಅದನ್ನು ತಿರುಗಿಸಿ ನೋಡಿದಾಗ ಹರಿಹರದ ಹೆಂಗಸೊಬ್ಬಳು ಬರೆದಿದ್ದಳು: 'ನಮ್ ಹುಡ್ಗೀದು ಸೋಪಿನ ಡಬ್ಬೀಲಿ ಪಟಿಕ ಸಿಕ್ತು ಅಕ್ಕಾ. ಕೇಳಿದ್ರೆ ಅಳ್ತಾ ಕೂತಾಳೆ.' ರಾಣೆಬೆನ್ನೂರಿನ ಒಬ್ಬ ತಂದೆ ಪಟಿಕದ ತುಂಡಿನ ಚಿತ್ರ ಹಾಕಿ ಏನೂ ಬರೆದಿರಲಿಲ್ಲ. ಚಿತ್ರದುರ್ಗದಿಂದ ಒಂದು, ಗದಗಿನಿಂದ ಮೂರು. ಸಂಜೆಯ ಹೊತ್ತಿಗೆ ಏಳುನೂರು ಮನೆಗಳವರು ಬರೆದಿದ್ದರು. ಶಾಲೆ ಮೇಲಂಗಿಯನ್ನು ಹಿಂದಕ್ಕೆ ತೆಗೆದುಕೊಂಡಿತು, ಕಾರಣ ಮಾತ್ರ ಹೇಳಲಿಲ್ಲ. ಕೌಶಿಕ್ ಕೆಲಸ ಬಿಟ್ಟ. ಅವನು ಮುಚ್ಚಿದ ತಾಣವನ್ನು ಕಂಪನಿ ಎರಡು ದಿನದಲ್ಲಿ ಮತ್ತೆ ತೆರೆಯಿತು. ಮಿಲ್ಲಿಗೆ ಹೋಗಬೇಕಿದ್ದ ಬಣ್ಣವನ್ನು ಶಿವಲೀಲಾ ತಡೆದಳು. ಸಂಶೋಧನಾ ಕೇಂದ್ರದವರು ಅವಳಿಗೆ ನೋಟಿಸು ಕೊಟ್ಟರು. ಅಷ್ಟರಲ್ಲಿ ಬೇರೆ ಯಾರೋ ಅದರ ನಕಲು ಮಾಡಿದ್ದರು. ಎರಡನೇ ಭಾಗ ಹೇಳಿದ ದಿನವೇ ಬಿಡುಗಡೆಯಾಗಿ ತುಂಬಿದ ಚಿತ್ರಮಂದಿರಗಳಲ್ಲಿ ಓಡಿತು.

ಇಂಚರ ಕಣ್ಣು ಬಿಟ್ಟದ್ದು ಇದಕ್ಕೆಲ್ಲ ಮುಂಚೆ, ಆ ಬೆಳಿಗ್ಗೆಯೇ, ಶಿವಲೀಲಾ ಮಾತು ಮುಗಿಸಿ ಒಳಗೆ ಬಂದ ಸ್ವಲ್ಪ ಹೊತ್ತಿಗೆ. ತೊಟ್ಟ ಕುರ್ತಾ ತೆಗೆಯುವುದನ್ನು ತಾಯಿ ಮರೆತಿದ್ದಳು.

ಮಗಳು ಅದನ್ನೇ ನೋಡಿ ಊದಿದ ತುಟಿಯಲ್ಲೇ ಮಾತಾಡಿದಳು. "ಅಮ್ಮಾ... ನಿಂದು ಪೂರ್ತಿ ತಿರುಗಿದೆ."

"ಹೂಂ."

"ನಿಂಗೂ ಭಯ ಆಗುತ್ತಾ?"

"ಆಗುತ್ತೆ. ನಿನ್ನೆಯಿಂದ ಒಂದೇ ಸಮ ಆಗ್ತಿದೆ."

ಇಂಚರ ಡ್ರಿಪ್ ಹಾಕಿದ ಕೈಯನ್ನು ಮೆಲ್ಲಗೆ ಎತ್ತಿ ತಾಯಿಯ ತೋಳಿನ ಬಟ್ಟೆ ಮುಟ್ಟಿದಳು. ಬೆರಳಿಗೆ ಬಣ್ಣ ಹತ್ತುತ್ತದೇನೋ ಎಂದು ತಿರುಗಿಸಿ ನೋಡಿಕೊಂಡಳು.

"ನೀನು ಚಪ್ಪಲಿ ಬಿಡೋ ಶಬ್ದ ಕೇಳಿದ್ರೆ ಇವತ್ತು ಏನು ತಪ್ಪು ಮಾಡಿದೀನಿ ಅಂತ ಎಣಿಸ್ತೀನಿ," ಎಂದಳು. ಹೇಳಿ ತಾಯಿಯ ಮುಖ ನೋಡಿದಳು.

"ಹೇಳು," ಎಂದಳು ಶಿವಲೀಲಾ.

ಇಂಚರ ಹೇಳತೊಡಗಿದಳು. ಎಂಟನೇ ತರಗತಿಯ ಅಂಕಪಟ್ಟಿಯನ್ನು ಹರಿದು ಕಾಲುವೆಗೆ ಹಾಕಿದ್ದು, ಅಪ್ಪನ ಫೋಟೋದ ಹಿಂದೆ ಚೀಟಿ ಬರೆದಿಡುತ್ತಿದ್ದದ್ದು, ಆ ಎರಡು ಏಟು. ಮಾತು ನಿಂತು ನಿಂತು ಬರುತ್ತಿತ್ತು. ಶಿವಲೀಲಾ ಎಲ್ಲಿಯೂ ನಡುವೆ ಬಾಯಿ ಹಾಕಲಿಲ್ಲ. ಬಾಗಿಲ ಬಳಿ ಬಂದ ನರ್ಸನ್ನು ಹಾಲಮ್ಮ ತಡೆದು, "ಒಂದೀಟು ತಡಿಯವ್ವಾ, ಹುಡ್ಗಿ ಮಾತಾಡ್ತತಿ," ಎಂದರು.